ಕೊಲೊನೊಸ್ಕೋಪಿಗೆ ಮುನ್ನ ಕರುಳು ತೊಳೆಯುವುದು ಹೇಗೆ?

ಗುದದ್ವಾರದ ಮೂಲಕ ಕ್ಯಾಮೆರಾ ಕೊಳವೆ ತೂರಿಸಿ ದೊಡ್ಡ ಕರುಳನ್ನು ನೋಡುವ ಕೊಲೊನೊಸ್ಕೋಪಿಗೆಂದು ಹೋಗಿ "ಹೊಟ್ಟೆ ಸರಿಯಾಗಿ ಖಾಲಿಯಾಗಿಲ್ಲ, ಇನ್ನೊಂದು ದಿನ ಬನ್ನಿ" ಎನ್ನಿಸಿಕೊಂಡು ಬರುವವರನ್ನು ನೋಡುತ್ತಲೇ ಇದ್ದೇನೆ. ಎಲ್ಲರೂ ಎಡವುವುದು ಒಂದೇ ಕಡೆ, ಕರುಳು ತೊಳೆಯಲು ಎರಡು ಕಂತಿನಲ್ಲಿ ಕುಡಿಯುವ ಔಷಧಿಯ ಎರಡನೇ ಕಂತಿನಲ್ಲಿ.

ಮೊದಲು, ಯಾರಿಗೆ ಬೇಕು? ಯಾವ ತೊಂದರೆಯೂ ಇಲ್ಲದವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ 45 ಅಥವಾ 50ನೇ ವಯಸ್ಸಿಗೆ ಶುರು. ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕಾಯಿಲೆ ಬಂದಿದ್ದರೆ ಇನ್ನೂ ಬೇಗ. ಮಲದಲ್ಲಿ ರಕ್ತ ಕಂಡರೆ ವಯಸ್ಸು ನೋಡಬೇಡಿ, ಮೂಲವ್ಯಾಧಿ ಇರಬಹುದೆಂದು ಮುಲಾಮು ಹಚ್ಚಿಕೊಂಡು ಕೂರಲೂಬೇಡಿ. ತೊಂದರೆಯಿಲ್ಲದವರಲ್ಲಿ ಕೊಲೊನೊಸ್ಕೋಪಿ ಬೇಡವೆನ್ನುವವರು ವರ್ಷಕ್ಕೊಮ್ಮೆ, ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ 'ಫಿಟ್' ಎಂಬ ಮಲ ಪರೀಕ್ಷೆ ಮಾಡಿಸಬಹುದು. ಪಥ್ಯವಿಲ್ಲ, ನೋವಿಲ್ಲ. ಆದರೆ ಅದು ಪಾಸಿಟಿವ್ ಬಂದರೆ ಕೊಲೊನೊಸ್ಕೋಪಿ ಆಗಲೇಬೇಕು. "ಇನ್ನೊಂದು ಸಲ ಮಲ ಪರೀಕ್ಷೆ ಮಾಡಿ ನೋಡೋಣ" ಎನ್ನುವುದು ಬರೀ ಕಾಲಹರಣ.

ವಾರ ಮುಂಚೆಯೇ ಡಾಕ್ಟರಿಗೆ ನಿಮ್ಮ ಮಾತ್ರೆಗಳ ಪಟ್ಟಿ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧಿಗಳನ್ನು ನಿಲ್ಲಿಸುವುದೋ ಬೇಡವೋ ಎಂದು ಅವರೇ ಹೇಳಬೇಕು. ಕಬ್ಬಿಣದ ಮಾತ್ರೆ ಮಲವನ್ನು ಕಪ್ಪಗೆ, ಅಂಟಂಟಾಗಿ ಮಾಡುತ್ತದೆ, ಅದನ್ನಂತೂ ಕೇಳಿಯೇ ಕೇಳಿ. ಹಿಂದಿನ ದಿನ ಬೀಜ, ಸಿಪ್ಪೆ, ನಾರು ಬೇಡ. ಆಮೇಲೆ ಆಸ್ಪತ್ರೆಯವರು ಹೇಳಿದ ಹೊತ್ತಿನಿಂದ, ಲೋಟದ ಆಚೆ ಬದಿ ಕಾಣುವಂಥ ತಿಳಿ ಪಾನೀಯ ಮಾತ್ರ. ಕೆಂಪು, ನೇರಳೆ ಬಣ್ಣದ್ದು ಬೇಡ, ಒಳಗೆ ರಕ್ತದಂತೆ ಕಾಣಿಸುತ್ತದೆ.

ಈಗ ಪುಡಿಯ ವಿಷಯ. ಸಾಮಾನ್ಯವಾಗಿ ಕೊಡುವುದು ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) ಎಂಬ ಭೇದಿ ಪುಡಿ, ನೀರಿನಲ್ಲಿ ಕರಗಿಸಿ ಕುಡಿಯುವ ದ್ರಾವಣ. ಅರ್ಧ ಹಿಂದಿನ ಸಂಜೆ, ಇನ್ನರ್ಧ ಪರೀಕ್ಷೆಗೆ 4ರಿಂದ 6 ಗಂಟೆ ಮುಂಚೆ ಶುರುಮಾಡಿ, ಕನಿಷ್ಠ 2 ಗಂಟೆ ಇರುವಾಗ ಮುಗಿಸಬೇಕು. ಬೆಳಗಿನ ಪರೀಕ್ಷೆಯಾದರೆ ನಸುಕಿನ ಮೂರಕ್ಕೋ ನಾಲ್ಕಕ್ಕೋ ಏಳಬೇಕು. ಇಲ್ಲೇ ಜನ ಸೋಮಾರಿಗಳಾಗುವುದು. "ರಾತ್ರಿಯೇ ಎಲ್ಲ ಹೋಯಿತಲ್ಲ" ಎಂದು ಮಲಗಿಬಿಡುತ್ತಾರೆ. ಅಷ್ಟರಲ್ಲಿ ಸಣ್ಣ ಕರುಳಿನಿಂದ ಪಿತ್ತ, ಲೋಳೆ ಇಳಿದು ಕರುಳಿನ ಬಲಭಾಗಕ್ಕೆ ಮೆತ್ತಿಕೊಳ್ಳುತ್ತದೆ. ಕ್ಯಾಮೆರಾ ಕಣ್ಣು ತಪ್ಪಿಸುವ ಚಪ್ಪಟೆ ಪಾಲಿಪ್‌ಗಳು (ಕರುಳಿನ ಒಳಗೋಡೆಯ ಮೇಲಿನ ಬೆಳವಣಿಗೆಗಳು) ಹೆಚ್ಚಾಗಿ ಇರುವುದೂ ಅಲ್ಲೇ. ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಟ್ಟಲೆ ಬೇಕು. ಅದಕ್ಕೆ ಮುಂಚೆಯೇ ಅದನ್ನು ಕಿತ್ತು ತೆಗೆಯಲೆಂದೇ ಇಷ್ಟೆಲ್ಲ ಪಾಡು.

ಕುಡಿಯಲು ಸುಲಭವಾಗಲು ದ್ರಾವಣವನ್ನು ಫ್ರಿಜ್‌ನಲ್ಲಿಡಿ, ಸ್ಟ್ರಾದಲ್ಲಿ ಹೀರಿ. ಒಂದು ಲೋಟಕ್ಕೂ ಇನ್ನೊಂದಕ್ಕೂ ನಡುವೆ 10–15 ನಿಮಿಷ ಬಿಡಿ. ವಾಕರಿಕೆ ಬಂದರೆ ಅರ್ಧ ಗಂಟೆ ನಿಲ್ಲಿಸಿ ಮತ್ತೆ ಶುರುಮಾಡಿ. ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ. ಗುದದ ಸುತ್ತ ಮೊದಲೇ ವ್ಯಾಸಲೀನ್ ಹಚ್ಚಿಕೊಂಡರೆ ಉರಿ ಕಡಿಮೆ. ಕೊನೆಗೆ ಹೋಗುವುದು ಮೂತ್ರದಂತೆ ತಿಳಿ ಹಳದಿ ನೀರಾಗಿರಬೇಕು. ಕಂದು ಬಣ್ಣವೋ ಚೂರುಗಳೋ ಕಂಡರೆ ಹೊರಡುವ ಮುನ್ನವೇ ಅದನ್ನೂ ಫೋನಿನಲ್ಲಿ ತಿಳಿಸಿ.

ಅಂದಹಾಗೆ, 'ಡಿಟಾಕ್ಸ್' ಪುಡಿಗಳು ಇದಕ್ಕೆ ಬದಲಿ ಅಲ್ಲ. ಕಿಡ್ನಿ ತೊಂದರೆ ಇರುವವರು ಸೋಡಿಯಂ ಫಾಸ್ಫೇಟ್ ಇರುವ ಭೇದಿ ಔಷಧಿಯ ತಂಟೆಗೇ ಹೋಗಬಾರದು.

ನಿದ್ದೆಯ ಮದ್ದು ಕೊಡುವುದರಿಂದ ಜೊತೆಗೊಬ್ಬರು ಬರಲಿ, ಅಂದು ಗಾಡಿ ಓಡಿಸಬೇಡಿ.

ವರದಿ ಕೈಗೆ ಬಂದಾಗ ಕರುಳು ಎಷ್ಟು ಸ್ವಚ್ಛವಿತ್ತೆಂಬ ಅಂಕ ನೋಡಿ. ಬೋಸ್ಟನ್ ಮಾಪಕದಲ್ಲಿ ಕರುಳಿನ ಮೂರು ಭಾಗಕ್ಕೂ 0ರಿಂದ 3ರವರೆಗೆ ಅಂಕವಿರುತ್ತದೆ. ಮೂರರಲ್ಲೂ ಕನಿಷ್ಠ 2 ಇದ್ದು, ಬೇರೇನೂ ಸಿಗದಿದ್ದರೆ, ಮನೆಯಲ್ಲಿ ಈ ಕಾಯಿಲೆ ಯಾರಿಗೂ ಬಂದಿಲ್ಲದವರಿಗೆ ಮುಂದಿನದು ಸಾಮಾನ್ಯವಾಗಿ 10 ವರ್ಷಕ್ಕೆ. ಎಲ್ಲಾದರೂ 0 ಅಥವಾ 1 ಇದ್ದರೆ ವರ್ಷದೊಳಗೆ ಮತ್ತೆ ಮಾಡಿಸಿ.