ಒಂದು ಹಿಡಿ ಜೋಳ, ಎರಡು ಸಭೆಗಳು

ಧಾರವಾಡ ಸೀಮೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ, ಅಂದರೆ ಊರೂರಿನ ಕ್ರೈಸ್ತ ಸಮುದಾಯಗಳ, ಸೇವೆಯ ಸುದ್ದಿಯನ್ನು ಒಂದೂರಿಂದ ಇನ್ನೊಂದೂರಿಗೆ ಮುಟ್ಟಿಸುವುದು ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದ ಕೆಲಸ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್‌ನವರು ಇಲ್ಲಿಂದ ಬರೆದ ಸುದ್ದಿಗೆ ಸ್ವಿಟ್ಜರ್ಲೆಂಡ್, ಜರ್ಮನಿಗಳಲ್ಲಿ ಓದುಗರಿದ್ದರು. ಅಷ್ಟು ದೂರ ಹೋದ ನಮ್ಮ ಸುದ್ದಿ ಪಕ್ಕದ ಊರಿಗೂ ತಿಳಿಯಲಿ ಎಂಬುದು ನನ್ನ ಹಟ.

ನಾನು ವರದಿ ಕೇಳುವುದಿಲ್ಲ. ಕೇಳಿದರೆ 'ದೇವರ ಕೃಪೆಯಿಂದ ಕೂಟ ಚೆನ್ನಾಗಿ ನಡೆಯಿತು' ಎಂದಷ್ಟೇ ಬರುತ್ತದೆ. ಅಯ್ಯನವರನ್ನು, ಅಂದರೆ ಸಭೆಯ ಪಾದ್ರಿಯನ್ನು, ಕಂಡು, ಆರಾಧನೆ ಮುಗಿದ ಮೇಲೆ ಹೆಣ್ಣುಮಕ್ಕಳ ಜೊತೆ ಕೂರುತ್ತೇನೆ. ಮೊದಲು ಯಾರಿಗೆ ಹೊಳೆಯಿತು, ಖರ್ಚಿಗೆ ಏನು ಮಾಡಿದಿರಿ, ಯಾರು ಬೇಡ ಅಂದರು? ಕೊನೆಯ ಪ್ರಶ್ನೆ ಕೇಳಿದಾಗಲೇ ನಿಜವಾದ ಕಥೆ ಹೊರಬೀಳುವುದು.

ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು ಅನ್ನಕ್ಕೆ ಇಡುವಾಗಲೆಲ್ಲ ಒಂದು ಹಿಡಿ ಅಕ್ಕಿ ತೆಗೆದಿಟ್ಟು ಸಭೆಗೆ ಕೊಡುತ್ತಾರೆ; 1910ರಿಂದ ಬಂದ ರೂಢಿ ಅದು. ಮಾರಿದ ಹಣ ಮಿಶನ್ ಕೆಲಸಕ್ಕೆ. ಒಂದು ಹಳ್ಳಿಯ ಸ್ತ್ರೀಯರ ಕೂಟದಲ್ಲಿ ಇದನ್ನು ಹೇಳಿದೆ. ಮುಂದೆ ಕೂತಿದ್ದ ಅಜ್ಜಿ, "ನಾವು ರೊಟ್ಟಿ ಬಡಿಯಾವ್ರು. ಹಿಟ್ಟು ಕೂಡಿಟ್ರ ಹುಳ ಬೀಳ್ತಾವಲ್ರಿ" ಅಂದರು. ಹಿಂದಿನಿಂದ ಒಬ್ಬಾಕೆ, "ಗಿರಣಿಗೆ ಒಯ್ಯೂ ಮುಂದ ಒಂದ್ ಬೊಗಸಿ ಜ್ವಾಳ ತಗದಿಡೂಣ ತಗೋ ಯವ್ವಾ" ಅಂದಳು. ಅಲ್ಲಿಗೆ ತೀರ್ಮಾನವಾಯಿತು. ತಿಂಗಳ ಮೊದಲ ಭಾನುವಾರ ಡಬ್ಬಿಗಳು ಚರ್ಚಿಗೆ ಬರತೊಡಗಿದವು. ಆ ಹಣದಲ್ಲಿ ಕಾಯಿಲೆಯವರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯುತ್ತಾರೆ.

ಗಿರಣಿಯ ಮಾತನ್ನು ಬಿಡದೆ ಹೇಳಿದ್ದಕ್ಕೇ ಇನ್ನೊಂದೂರಿನವರಿಗೂ ಧೈರ್ಯ ಬಂತು. ಅಲ್ಲಿ ಕೂಲಿಯವರೇ ಹೆಚ್ಚು, ಅವರು ರೇಷನ್ ಅಕ್ಕಿಯಲ್ಲೇ ಹಿಡಿ ತೆಗೆದರು. "ಲೆಕ್ಕ ಯಾರ ಕೈಯಾಗ ಇಟ್ಟೀರಿ?" ಎಂದು ಕೇಳಿಕಳಿಸಿದರು. ಇಂಥ ಪ್ರಶ್ನೆಯನ್ನು ವಾಪಸ್ ಒಯ್ಯುವುದು ನನಗೆ ಕಥೆ ತರುವಷ್ಟೇ ಮುಖ್ಯ.

ಒಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ನೆರವು ಪಡೆದವರ ಕಷ್ಟವನ್ನು ಅವರೆದುರೇ ಓದಿ ಹೇಳಿ, ಅವರು ಒಪ್ಪಿದರೆ ಮಾತ್ರ ಮುಂದಕ್ಕೆ ಒಯ್ಯುತ್ತೇನೆ. ಹೆಸರು ಬಿಟ್ಟರೆ ಸಾಲದು. ಸಣ್ಣ ಊರಲ್ಲಿ ಓಣಿ ಹೇಳಿದರೆ ಮನೆ ಗೊತ್ತಾಗುತ್ತದೆ. ಹಾಸ್ಟೆಲ್ ಮಕ್ಕಳ ಫೋಟೋ ಯಾರೇ ಕೇಳಿದರೂ ಕೊಡುವುದಿಲ್ಲ.

ಈ ಸಲದ ಸುಗ್ಗಿ ಹಬ್ಬಕ್ಕೆ ಎರಡೂ ಊರಿನ ಹೆಣ್ಣುಮಕ್ಕಳು ಲೆಕ್ಕದ ಪುಸ್ತಕ ಹಿಡಿದು ತಾವೇ ಭೇಟಿಯಾಗುತ್ತಿದ್ದಾರೆ. ಬಸ್ ಚಾರ್ಜು ಕೈಯಿಂದಲೇ ಹಾಕಿಕೊಳ್ಳಬೇಕು, ಜೋಳದ ಹಣ ಮುಟ್ಟಬಾರದು ಎಂದು ಆ ಅಜ್ಜಿಯ ಕಟ್ಟಪ್ಪಣೆ.