ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ನಾನು ಹಾಕಿದ ಕಾವಲು

ಆಂಪ್‌ನಲ್ಲಿ ಸದ್ದನ್ನು ಬಲಪಡಿಸುವ ಗಾಜಿನ ಟ್ಯೂಬ್ ಹೋದರೆ ಹೊಸದನ್ನು ಸಿಕ್ಕಿಸಬಹುದು. ಟ್ಯೂಬ್‌ಗೂ ಸ್ಪೀಕರ್‌ಗೂ ನಡುವೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಹಾಗಲ್ಲ. ಅದಕ್ಕೇ ಎರಡು ಇಎಲ್34 ಟ್ಯೂಬ್ ಸರದಿಯಂತೆ ದುಡಿಯುವ ನನ್ನ ಪುಶ್-ಪುಲ್ ಗಿಟಾರ್ ಆಂಪ್‌ಗೆ ಈ ರಕ್ಷಣೆ ಮಾಡಿಕೊಂಡೆ.

ಜಾಸ್ತಿ ಅಪಾಯ ಬರುವುದು ನುಡಿಸುತ್ತಿರುವಾಗ ಸ್ಪೀಕರ್ ವೈರ್ ಬಿಟ್ಟುಹೋದರೆ. ಪ್ರೈಮರಿಯಲ್ಲಿ (ಟ್ರಾನ್ಸ್‌ಫಾರ್ಮರ್‌ನ ಟ್ಯೂಬ್ ಕಡೆಯ ಸುರುಳಿಯಲ್ಲಿ) ಹರಿಯುತ್ತಿರುವ ಕರೆಂಟನ್ನು ಟ್ಯೂಬ್ ತಟ್ಟನೆ ನಿಲ್ಲಿಸುತ್ತದೆ. ಸುರುಳಿಯಲ್ಲಿ ಸೇರಿಕೊಂಡ ಶಕ್ತಿಗೆ ಹೋಗಲು ಜಾಗವಿಲ್ಲ. ಆಗ ಪ್ಲೇಟ್, ಅಂದರೆ ಪ್ರೈಮರಿಗೆ ಸೇರುವ ಟ್ಯೂಬ್‌ನ ತುದಿಯ ವೋಲ್ಟೇಜ್ ಜಿಗಿಯುತ್ತದೆ. ನನ್ನ ಆಂಪ್‌ನ ಎಚ್‌ಟಿ (ಟ್ಯೂಬ್‌ಗಳಿಗೆ ಕೊಡುವ ಹೈ ವೋಲ್ಟೇಜ್) 450 ವೋಲ್ಟ್. ಜೋರಾಗಿ ನುಡಿಸಿದಾಗ ಪ್ಲೇಟ್ 850ರ ಆಸುಪಾಸಿಗೆ ಏರುವುದು ಸಹಜವೇ. ಈ ದಿಢೀರ್ ಜಿಗಿತ, ಅಂದರೆ ಸ್ಪೈಕ್, ಅದನ್ನೂ ದಾಟಿ ಸಾವಿರಗಳಿಗೆ ಹೋಗಬಲ್ಲದು. ಇಎಲ್34ರಲ್ಲಿ 3ನೇ ಪಿನ್ ಪ್ಲೇಟ್, ಪಕ್ಕದ 2ನೆಯದು ಟ್ಯೂಬನ್ನು ಕಾಯಿಸುವ ಹೀಟರ್. ಅಲ್ಲಿ ಕಿಡಿ ಹಾರಿ ಸಾಕೆಟ್ ಕಪ್ಪಾದರೆ, ಆ ಮಸಿಯೇ ಮುಂದೆ ಕರೆಂಟಿಗೆ ದಾರಿಯಾಗುತ್ತದೆ. ಸುರುಳಿಯ ಇನ್ಸುಲೇಷನ್ ಒಡೆದರಂತೂ ಟ್ರಾನ್ಸ್‌ಫಾರ್ಮರ್ ಮುಗಿದ ಹಾಗೆ.

ಮೊದಲು 8 ಓಮ್ ಔಟ್‌ಪುಟ್‌ಗೆ ಅಡ್ಡಲಾಗಿ 220 ಓಮ್, 10 ವ್ಯಾಟ್ ರೆಸಿಸ್ಟರ್ ಹಾಕಿದೆ. 50 ವ್ಯಾಟ್‌ನಲ್ಲಿ 8 ಓಮ್ ಮೇಲೆ 20 ವೋಲ್ಟ್ ಇರುತ್ತದೆ, ಅಂದರೆ ಇದು ತಿನ್ನುವುದು 2 ವ್ಯಾಟ್‌ಗೂ ಕಡಿಮೆ. ಇದು ಸ್ಪೀಕರ್‌ಗೆ ಬದಲಿಯಲ್ಲ, ನಿಜ. ಆದರೆ ಔಟ್‌ಪುಟ್ ಪೂರ್ತಿ ಖಾಲಿ ಬೀಳುವುದಿಲ್ಲ.

ನಂತರ ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ. ಒಂದೊಂದು ಪ್ಲೇಟ್‌ನಿಂದ ನೆಲಕ್ಕೆ (ಸರ್ಕ್ಯೂಟ್‌ನ ಗ್ರೌಂಡ್‌ಗೆ) ಮೂರು 1ಎನ್4007 ಸಾಲಾಗಿ. ಒಂದೊಂದೂ 1000 ವೋಲ್ಟ್ ತಡೆಯುವುದು, ಆದ್ದರಿಂದ ಮೂರು. ಬಿಳಿ ಪಟ್ಟಿ ಪ್ಲೇಟ್ ಕಡೆಗೇ ಇರಬೇಕು. ಮಾಮೂಲಿ ಹೊತ್ತಿನಲ್ಲಿ ಇವು ಸುಮ್ನೆ ಇರುತ್ತವೆ. ಒಂದು ಪ್ಲೇಟ್ ಸೊನ್ನೆಗಿಂತ ಕೆಳಗಿಳಿದ ಕೂಡಲೇ ಆ ಕಡೆಯ ಡಯೋಡ್‌ಗಳು ಹಿಡಿದು ನಿಲ್ಲಿಸುತ್ತವೆ. ಪ್ರೈಮರಿಯ ಎರಡು ಅರ್ಧಗಳೂ ಒಂದೇ ಕಬ್ಬಿಣದ ಕೋರ್ ಮೇಲಿವೆ ಅಲ್ವಾ? ಹಾಗಾಗಿ ಇನ್ನೊಂದು ಪ್ಲೇಟೂ ಎಚ್‌ಟಿಯ ಎರಡರಷ್ಟರ ಹತ್ತಿರವೇ ನಿಲ್ಲುತ್ತದೆ. ಒಂದೇ ಕಡೆ ಟ್ಯೂಬ್ ಇರುವ ಸಿಂಗಲ್-ಎಂಡೆಡ್ ಆಂಪ್‌ನಲ್ಲಿ ಈ ಜೋಡಿ ಅರ್ಧವೇ ಇಲ್ಲ, ಆದ್ದರಿಂದ ಅಲ್ಲಿ ನಾನು ಈ ಉಪಾಯವನ್ನು ನಂಬುವುದಿಲ್ಲ.

ಡಯೋಡ್ ಹಾಕುವವರಲ್ಲಿ ಅನೇಕರು ಫ್ಯೂಸ್ ಮರೆಯುತ್ತಾರೆ. ನನ್ನ ಮಟ್ಟಿಗೆ ಅದಿಲ್ಲದೆ ಡಯೋಡ್ ಹಾಕಲೇಬಾರದು. ಡಯೋಡ್ ಕೆಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗುತ್ತದೆ. ಸಾಲಿನ ಮೂರೂ ಹೋದರೆ ಎಚ್‌ಟಿ ನೇರವಾಗಿ ಪ್ರೈಮರಿ ಮೂಲಕ ನೆಲಕ್ಕೆ ಹರಿಯುತ್ತದೆ. ಉಳಿಸಬೇಕಾದ ಟ್ರಾನ್ಸ್‌ಫಾರ್ಮರೇ ಸುಡುತ್ತದೆ. ಪ್ರೈಮರಿಯ ಎರಡು ಅರ್ಧಗಳು ಸೇರುವ ನಡುವಿನ ಜಾಗಕ್ಕೆ ಹೋಗುವ ಎಚ್‌ಟಿ ವೈರ್‌ನಲ್ಲಿ ನಾನು 500 ಮಿಲಿಆಂಪ್ ಸ್ಲೋ ಫ್ಯೂಸ್ ಇಟ್ಟಿದ್ದೇನೆ.

ಬೆಸುಗೆಗೆ ಮುಂಚೆ ಕೆಪಾಸಿಟರ್‌ಗಳನ್ನು ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿಯೇ ಕೈ ಹಾಕಿದೆ. ಪರೀಕ್ಷೆ ಮಾಡಿದ್ದು ಡಮ್ಮಿ ಲೋಡ್ (ಸ್ಪೀಕರ್ ಬದಲು ಹಾಕುವ ದೊಡ್ಡ ರೆಸಿಸ್ಟರ್) ಮೇಲೆ. ಪ್ಲೇಟ್‌ನಲ್ಲಿ ವೋಲ್ಟೇಜ್ ಅಲೆ ತೋರಿಸುವ ಸ್ಕೋಪ್ ಹಿಡಿಯುವುದಾದರೆ, ವೋಲ್ಟೇಜನ್ನು ನೂರನೇ ಒಂದಕ್ಕೆ ಇಳಿಸುವ 100ಎಕ್ಸ್ ಪ್ರೋಬ್ ಬೇಕು. ಮಾಮೂಲಿ 10ಎಕ್ಸ್ ಪ್ರೋಬ್ ಈ ವೋಲ್ಟೇಜ್‌ಗೆ ಮಾಡಿದ್ದಲ್ಲ.