ಮಗು ಸರಿಯಾಗಿ ಬೆಳೀತಿದೆಯಾ? ಮನೆಯಲ್ಲೇ ಗಮನಿಸುವುದು ಹೀಗೆ

"ಎಂಟು ತಿಂಗಳಾಯ್ತು, ಇನ್ನೂ ಅಂಬೆಗಾಲು ಇಡ್ತಿಲ್ವಾ?" ಪುಟ್ಟ ಮಗುವಿರುವ ಮನೆಗೆ ಬಂದವರು ಹೀಗೊಂದು ಮಾತು ಹೇಳಿ ಹೋಗುತ್ತಾರೆ. ತಾಯಿಗೆ ಆ ರಾತ್ರಿ ನಿದ್ದೆ ಇಲ್ಲ. ಅದೇ ಬೀದಿಯ ಇನ್ನೊಂದು ಮನೆಯಲ್ಲಿ ಎರಡು ವರ್ಷ ತುಂಬಿದ ಮಗು ಒಂದು ಮಾತೂ ಆಡುವುದಿಲ್ಲ. "ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಸುಮ್ನೆ ಯಾಕೆ ಗಾಬರಿ" ಎಂದು ಹಿರಿಯರು ಹೇಳುತ್ತಾರೆ. ಅಲ್ಲಿ ಎಲ್ಲರೂ ನಿರಾಳ.

ಇದು ಪೂರ್ತಿ ಉಲ್ಟಾ. ಎಂಟು ತಿಂಗಳಿಗೆ ಅಂಬೆಗಾಲಿಡದಿದ್ದರೆ ಚಿಂತೆ ಬೇಡ. ಎರಡು ವರ್ಷಕ್ಕೂ ಮಾತು ಬರದಿದ್ದರೆ ಈ ವಾರವೇ ತೋರಿಸಬೇಕು. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಲೇಬಾರದು ಎಂಬುದು ತಂದೆ ತಾಯಿಗೆ ಗೊತ್ತಿರಬೇಕು. ಹುಟ್ಟಿದಾಗ ಮಗುವಿನ ಮಿದುಳು ದೊಡ್ಡವರ ಮಿದುಳಿನ ಕಾಲು ಭಾಗದಷ್ಟಿರುತ್ತದೆ. ಒಂದು ವರ್ಷದಲ್ಲಿ ಅದು ಇಮ್ಮಡಿಯಾಗುತ್ತದೆ. ಮೂರು ವರ್ಷಕ್ಕೆ ನೂರಕ್ಕೆ ಸುಮಾರು 80 ಭಾಗ ಬೆಳೆದಾಗಿರುತ್ತದೆ. ಈ ವೇಗ ಮುಂದೆ ಯಾವ ವಯಸ್ಸಿನಲ್ಲೂ ಇರುವುದಿಲ್ಲ.

ಬೇಕಾದ ಸಾಮಾನು ಇಷ್ಟೇ: ಆಸ್ಪತ್ರೆಯಲ್ಲಿ ಕೊಟ್ಟ ತಾಯಿ ಕಾರ್ಡ್, ಒಂದು ನೋಟ್‌ಬುಕ್, ಗಮನಿಸಿದ್ದನ್ನು ಬರೆದಿಡಲು ಒಂದು ಪೆನ್ನು.

ಹೆಜ್ಜೆ 1: ವಯಸ್ಸು ಸರಿಯಾಗಿ ಲೆಕ್ಕ ಹಾಕಿ

ದಿನ ತುಂಬಿ ಹುಟ್ಟಿದ ಮಗುವಾದರೆ ಈ ಹೆಜ್ಜೆ ಬಿಟ್ಟು ಮುಂದೆ ಹೋಗಿ. ದಿನ ತುಂಬುವ ಮೊದಲೇ ಹುಟ್ಟಿದ್ದರೆ ಮಾತ್ರ ಲೆಕ್ಕ ಬೇರೆ. 32 ವಾರಕ್ಕೆ ಹುಟ್ಟಿದ ಮಗು 40 ವಾರಕ್ಕಿಂತ 8 ವಾರ ಮೊದಲೇ ಬಂದಿದೆ. ಅದಕ್ಕೆ ಕ್ಯಾಲೆಂಡರ್ ಪ್ರಕಾರ ಆರು ತಿಂಗಳಾದಾಗ, ಬೆಳವಣಿಗೆಯ ಲೆಕ್ಕದಲ್ಲಿ ನಾಲ್ಕೇ ತಿಂಗಳು. ಎರಡು ವರ್ಷ ತುಂಬುವವರೆಗೂ ಹೀಗೇ ಕಳೆದು ನೋಡಿ. ಲಸಿಕೆಗೆ ಮಾತ್ರ ಈ ಲೆಕ್ಕ ಬೇಡ, ಅದನ್ನು ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸಬೇಕು.

ಹೆಜ್ಜೆ 2: ತೂಕದ ಚುಕ್ಕಿಯನ್ನಲ್ಲ, ಗೆರೆಯನ್ನು ನೋಡಿ

ತಾಯಿ ಕಾರ್ಡ್‌ನಲ್ಲಿ ಬೆಳವಣಿಗೆಯ ನಕ್ಷೆ ಇರುತ್ತದೆ. ಹೆಣ್ಣುಮಗುವಿಗೆ ಗುಲಾಬಿ, ಗಂಡುಮಗುವಿಗೆ ನೀಲಿ. ಒಳಗೆ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳು: ಹಸಿರು ಎಂದರೆ ಸರಿಯಾದ ತೂಕ, ಹಳದಿ ಕಡಿಮೆ, ಕಿತ್ತಳೆ ತೀರಾ ಕಡಿಮೆ. ಅಂಗನವಾಡಿಯಲ್ಲಿ ತೂಕ ನೋಡಿದಾಗಲೆಲ್ಲ ಆ ತಿಂಗಳಿಗೆ ಎದುರಾಗಿ ಒಂದು ಚುಕ್ಕಿ ಹಾಕಿಸಿ, ಚುಕ್ಕಿಗಳನ್ನು ಗೆರೆಯಿಂದ ಸೇರಿಸಿ. ಹೆಚ್ಚಿನವರು ಚುಕ್ಕಿ ಹಸಿರಿನಲ್ಲಿದೆಯಾ ಎಂದು ನೋಡಿ ಕಾರ್ಡ್ ಮಡಚಿಡುತ್ತಾರೆ. ಅಷ್ಟು ಸಾಲದು.

ಉದಾಹರಣೆಗೆ ಒಂದು ಹೆಣ್ಣುಮಗು ತೆಗೆದುಕೊಳ್ಳಿ. ಆರು ತಿಂಗಳಿಗೆ ತೂಕ 7.3 ಕೆ.ಜಿ. ಅದು ಆ ವಯಸ್ಸಿನ ಸರಿಯಾದ ನಡುವಿನ ತೂಕ. ಒಂಬತ್ತು ತಿಂಗಳಿಗೆ 7.4 ಕೆ.ಜಿ. ಚುಕ್ಕಿ ಈಗಲೂ ಹಸಿರಿನಲ್ಲೇ ಇದೆ. ಆದರೆ ಮೂರು ತಿಂಗಳಲ್ಲಿ ಏರಿದ್ದು 100 ಗ್ರಾಂ ಮಾತ್ರ. ಇಷ್ಟು ಹೊತ್ತಿಗೆ ಅದು 8 ಕೆ.ಜಿ. ದಾಟಬೇಕಿತ್ತು. ಮೇಲೆ ಹೋಗುತ್ತಿದ್ದ ಗೆರೆ ಅಡ್ಡಡ್ಡ ಮಲಗಿದೆ. ಬಣ್ಣ ಹಳದಿಯಾಗುವವರೆಗೆ ಕಾಯದೆ ಈಗಲೇ ಕಾರಣ ಹುಡುಕಬೇಕು. ಪದೇ ಪದೇ ಭೇದಿಯಾಗಿತ್ತಾ? ಆರು ತಿಂಗಳಾದ ಮೇಲೂ ಗಟ್ಟಿ ಆಹಾರ ಶುರು ಮಾಡಿಲ್ವಾ? ಕೊಡುವ ರಾಗಿ ಸರಿ ತೀರಾ ನೀರಾಗಿದೆಯಾ? ಇನ್ನೊಂದು ಮಗು ಮೊದಲಿಂದಲೂ ಸಣ್ಣದು, ಆದರೆ ಅದರ ಗೆರೆ ಹಸಿರಿನ ಕೆಳ ಅಂಚಿಗೆ ಸಮವಾಗಿ ಏರುತ್ತಲೇ ಇದೆ ಎನ್ನಿ. ಆ ಮಗು ಚೆನ್ನಾಗಿದೆ.

"ನಮ್ಮ ವಂಶದಲ್ಲಿ ಮಕ್ಕಳು ಸಣ್ಣವೇ" ಎನ್ನುವವರಿಗೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ಈ ನಕ್ಷೆಗಳನ್ನು 2006ರಲ್ಲಿ ಹೊರತಂದಿತು. ಅದಕ್ಕಾಗಿ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದ ಮಕ್ಕಳನ್ನು 1997ರಿಂದ 2003ರವರೆಗೆ ಅಳೆದಿದ್ದರು. ನಮ್ಮ ದೇಶದಿಂದ ಇದ್ದವರು ದಕ್ಷಿಣ ದೆಹಲಿಯ ಮಕ್ಕಳು. ಎದೆಹಾಲು, ಒಳ್ಳೆಯ ಆಹಾರ, ಚಿಕಿತ್ಸೆ ಸಿಕ್ಕಿದ ಕಡೆ ಚಿಕ್ಕ ಮಕ್ಕಳೆಲ್ಲ ಹೆಚ್ಚು ಕಡಿಮೆ ಒಂದೇ ರೀತಿ ಬೆಳೆದರು. ಹಾಗಾಗಿ ಗೆರೆ ಕೆಳಗಿಳಿದಾಗ ವಂಶದ ಮೇಲೆ ಹಾಕಬೇಡಿ.

ಒರಟು ಲೆಕ್ಕ ಬೇಕಿದ್ದರೆ, ಹುಟ್ಟಿದಾಗಿನ ತೂಕ ಐದಾರು ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು. ಉದ್ದ ಹುಟ್ಟಿದಾಗ ಸುಮಾರು 50 ಸೆಂ.ಮೀ., ವರ್ಷಕ್ಕೆ ಸುಮಾರು 75.

ಹೆಜ್ಜೆ 3: ನೆಲಕ್ಕೆ ಬಿಡಿ

ಕತ್ತು ನಿಲ್ಲುವುದು, ಬೋರಲು ಬೀಳುವುದು, ಕೂರುವುದು, ನಿಲ್ಲುವುದು, ನಡೆಯುವುದು. ಮೇಲಿಂದ ಕೆಳಕ್ಕೆ, ಮೊದಲು ಕತ್ತು, ಆಮೇಲೆ ಸೊಂಟ, ಕೊನೆಗೆ ಕಾಲು ಹತೋಟಿಗೆ ಬರುತ್ತವೆ. ಈ ಕ್ರಮ ಮುಖ್ಯ. ತಾರೀಖು ಅಷ್ಟು ಮುಖ್ಯವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅದೇ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು ಯಾವಾಗ ಏನು ಮಾಡಿದರು ಎಂದೂ ದಾಖಲಿಸಿದ್ದಾರೆ. ಆಸರೆಯಿಲ್ಲದೆ ಕೂತಿದ್ದು 3.8ರಿಂದ 9.2 ತಿಂಗಳೊಳಗೆ. ಅಂಬೆಗಾಲು 5.2ರಿಂದ 13.5 ತಿಂಗಳೊಳಗೆ. ಒಂಟಿಯಾಗಿ ನಡೆದಿದ್ದು 8.2ರಿಂದ 17.6 ತಿಂಗಳೊಳಗೆ. ಪಕ್ಕದ ಮನೆಯ ಮಗು ಹತ್ತು ತಿಂಗಳಿಗೇ ನಡೆದರೆ, ನಿಮ್ಮದು ಹದಿನಾರಕ್ಕೆ ನಡೆದರೆ ಎರಡೂ ಸರಿಯೇ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲನ್ನೇ ಇಡಲಿಲ್ಲ. ಕೂತಲ್ಲಿಂದ ನೇರ ಎದ್ದು ನಿಂತವು! ಅಂಬೆಗಾಲಿನ ಪ್ರಶ್ನೆ ಕೇಳುವ ನೆಂಟರಿಗೆ ಈ ಅಂಕಿಗಳನ್ನು ಧಾರಾಳವಾಗಿ ಹೇಳಿ.

ನೀವು ಮಾಡಬೇಕಾದ್ದು ಜಾಗ ಕೊಡುವುದು. ಮಗು ಎಚ್ಚರವಿದ್ದಾಗ ಚಾಪೆಯ ಮೇಲೆ ಬೋರಲು ಮಲಗಿಸಿ. ಮೊದಮೊದಲು ಒಂದೆರಡು ನಿಮಿಷ ಸಾಕು. ದಿನಕ್ಕೆ ಎಲ್ಲ ಸೇರಿ ಅರ್ಧ ಗಂಟೆವರೆಗೆ ಹೆಚ್ಚಿಸಿ. ನೀವೂ ಎದುರಿಗೆ ಹೊಟ್ಟೆ ಮೇಲೆ ಮಲಗಿ ಮುಖ ತೋರಿಸಿದರೆ ಅದು ತಲೆ ಎತ್ತುತ್ತದೆ. ನಿದ್ದೆಗೆ ಮಲಗಿಸುವಾಗ ಮಾತ್ರ ಯಾವಾಗಲೂ ಅಂಗಾತ.

ಚಕ್ರದ ವಾಕರ್ ಬೇಡವೇ ಬೇಡ. ಅದರಲ್ಲಿ ಕೂತ ಮಗು ಬೆರಳ ತುದಿಯಲ್ಲಿ ನೆಲ ತಳ್ಳುತ್ತದೆ. ತೂಕ ಹೊರುವುದನ್ನು, ಬೀಳದಂತೆ ನಿಲ್ಲುವುದನ್ನು ಕಲಿಯುವುದಿಲ್ಲ. ಮೆಟ್ಟಿಲಿಂದ ಉರುಳುವ, ಬಿಸಿ ಪಾತ್ರೆ ಎಳೆದುಕೊಳ್ಳುವ ಅಪಾಯ ಬೇರೆ. ಕೆನಡಾ 2004ರಲ್ಲೇ ಇದರ ಮಾರಾಟ ನಿಲ್ಲಿಸಿತು. ನಾಮಕರಣಕ್ಕೆ ಉಡುಗೊರೆ ಕೊಡುವವರು ದಯವಿಟ್ಟು ಗಮನಿಸಿ.

ಹೆಜ್ಜೆ 4: ಒಂದು ಚಮಚ, ಎರಡು ಟವೆಲ್

ಮಗು ಹೇಗೆ ಯೋಚಿಸುತ್ತದೆ ಎಂದು ನೋಡುವುದು ನನಗೆ ಇದರಲ್ಲೆಲ್ಲ ಅತಿ ಇಷ್ಟದ ಭಾಗ. ಆರು ತಿಂಗಳ ಮಗುವಿಗೆ ಹೊಳೆಯುವ ಚಮಚ ತೋರಿಸಿ. ಅದು ಕೈ ಚಾಚಿದಾಗ ಚಮಚದ ಮೇಲೆ ಟವೆಲ್ ಮುಚ್ಚಿ. ಮಗು ಸುಮ್ಮನಾಗಿ ಬೇರೆ ಕಡೆ ನೋಡುತ್ತದೆ. ಎಂಟು ಒಂಬತ್ತು ತಿಂಗಳಿಗೆ ಮತ್ತೆ ಮಾಡಿ. ಈಗ ಟವೆಲ್ ಎಳೆದು ಚಮಚ ಹಿಡಿಯುತ್ತದೆ. ಕಣ್ಣಿಗೆ ಕಾಣದಿದ್ದರೂ ವಸ್ತು ಅಲ್ಲೇ ಇದೆ ಎಂದು ತಿಳಿದು ಕೈಯಿಂದ ಹುಡುಕುವ ಈ ಹಂತವನ್ನು ವಿವರಿಸಿದವರು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ.

ಇನ್ನೂ ಇದೆ. ಎಡಗಡೆಯ ಟವೆಲ್ ಕೆಳಗೆ ಒಂದೆರಡು ಸಲ ಬಚ್ಚಿಟ್ಟು, ಆಮೇಲೆ ಮಗು ನೋಡುತ್ತಿರುವಂತೆಯೇ ಬಲಗಡೆಯದರ ಕೆಳಗೆ ಇಡಿ. ಒಂಬತ್ತು ತಿಂಗಳ ಮಗು ಎಷ್ಟೋ ಸಲ ಎಡಗಡೆಯನ್ನೇ ಎಳೆಯುತ್ತದೆ. ವರ್ಷದ ಹೊತ್ತಿಗೆ ಈ ತಪ್ಪು ನಿಲ್ಲುತ್ತದೆ.

ಅದೇ ಸಮಯಕ್ಕೆ ಮಗು ಅಮ್ಮನನ್ನು ಬಿಟ್ಟಿರದೆ ಅಳಲು ಶುರು ಮಾಡುತ್ತದೆ, ಗಮನಿಸಿದ್ದೀರಾ? ಅಡುಗೆಮನೆಗೆ ಹೋದ ಅಮ್ಮ ಎಲ್ಲೋ ಇದ್ದಾಳೆ, ಆದರೆ ಇಲ್ಲಿಲ್ಲ ಎಂದು ಈಗ ಅದಕ್ಕೆ ಅರ್ಥವಾಗುತ್ತದೆ. ಅದು ಹಟವಲ್ಲ, ಹೊಸ ತಿಳಿವಳಿಕೆ. ಸೆರಗಿನಲ್ಲಿ ಮುಖ ಮುಚ್ಚಿ ತೆಗೆದು ಆಡಿಸಿ, ಒಳಗಿಂದಲೇ ಕೂಗಿ ಮಾತಾಡಿಸಿ. ಹೋದವರು ಮರಳಿ ಬರುತ್ತಾರೆ ಎಂಬ ನಂಬಿಕೆ ಹೀಗೆ ಬರುತ್ತದೆ.

ಒಂಬತ್ತು ಹತ್ತು ತಿಂಗಳಿಗೆ ನೆಲದ ಮೇಲಿನ ಒಂದೇ ಒಂದು ಅನ್ನದ ಅಗುಳನ್ನು ಹೆಬ್ಬೆರಳು, ತೋರುಬೆರಳಲ್ಲಿ ಹೆಕ್ಕುತ್ತದೆ. ಕಡಲೆಬೀಜ, ಗುಂಡಿ, ಸಣ್ಣ ಬ್ಯಾಟರಿ ಕೈಗೆ ಸಿಗದಂತೆ ಎತ್ತಿಡುವ ಕಾಲವೂ ಇದೇ. ಆಟಿಕೆಗೆ ಹಣ ಸುರಿಯಬೇಡಿ. ಸ್ಟೀಲ್ ಲೋಟ, ಡಬ್ಬಿ ಮುಚ್ಚಳ, ಹಳೆ ಬಟ್ಟೆ ಸಾಕು.

ಹೆಜ್ಜೆ 5: ಮಾತಾಡಿ, ಆಮೇಲೆ ಕಾಯಿರಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ನಮ್ಮ ಮನೆಗಳಲ್ಲಿ ಅತಿ ಹೆಚ್ಚು ತಡವಾಗುವುದು ಇಲ್ಲೇ.

ಮಾತಿಗೆ ಮೊದಲು ಕಿವಿ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಒಂದು ಚೆಂದದ ವಿಷಯ ತೋರಿಸಿದರು. ಹಿಂದಿಯ ತ ಮತ್ತು ಟ ಧ್ವನಿಗಳನ್ನು ಇಂಗ್ಲಿಷ್ ಮನೆಯ ಆರೆಂಟು ತಿಂಗಳ ಮಕ್ಕಳು ಬೇರೆ ಬೇರೆ ಎಂದು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಿಗೆ ಆ ಸಾಮರ್ಥ್ಯ ಹೆಚ್ಚಿನ ಮಕ್ಕಳಲ್ಲಿ ಕುಂದಿತ್ತು. ಆ ಧ್ವನಿ ಅವುಗಳ ಮನೆಯಲ್ಲಿ ಕೇಳಿಬರುತ್ತಿರಲಿಲ್ಲ. ಕನ್ನಡ ಮನೆಯ ಮಗುವಿಗೆ ತ, ಟ ಎರಡೂ ದಿನವಿಡೀ ಕಿವಿಗೆ ಬೀಳುತ್ತವೆ. ಅಂದರೆ ಮೊದಲ ಮಾತು ಬರುವ ಮೊದಲೇ ಮಗು ಭಾಷೆಯನ್ನು ಸೋಸಿಟ್ಟುಕೊಳ್ಳುತ್ತಿರುತ್ತದೆ. ಆ ತಿಂಗಳುಗಳಲ್ಲಿ ಕಿವಿ ಕೇಳದಿದ್ದರೆ ನಷ್ಟ ಎಷ್ಟು ದೊಡ್ಡದು ಎಂದು ಯೋಚಿಸಿ. ಅದಕ್ಕೇ ತಜ್ಞರು ಒಂದು ತಿಂಗಳೊಳಗೆ ಶ್ರವಣ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಆರಂಭ ಎನ್ನುತ್ತಾರೆ. ಹೆರಿಗೆಯಾದ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡದಿದ್ದರೆ ನೀವೇ ಕೇಳಿ ಮಾಡಿಸಿ. ಬಾಗಿಲು ಬಡಿದರೆ ತಿರುಗುತ್ತದೆ ಎಂದು ಬಿಟ್ಟುಬಿಡಬೇಡಿ. ದೊಡ್ಡ ಸದ್ದು ಕೇಳುವ, ಮಾತು ಸರಿಯಾಗಿ ಕೇಳದ ಮಕ್ಕಳೂ ಇವೆ.

ಇನ್ನು ಮಾತಾಡಿಸುವ ರೀತಿ. ಮಗು "ಊ" ಅಂದರೆ ನೀವೂ "ಊ, ಏನಮ್ಮಾ?" ಅನ್ನಿ. ಆಮೇಲೆ ಸುಮ್ಮನಿದ್ದು ಅದರ ಮುಖ ನೋಡಿ. ನಾಲ್ಕೈದು ಸೆಕೆಂಡು ಕೊಡಿ. ಅದು ಕಾಲಾಡಿಸಿ ಇನ್ನೊಂದು ಸದ್ದು ಮಾಡುತ್ತದೆ. ಅದಕ್ಕೆ ಮತ್ತೆ ಉತ್ತರ ಕೊಡಿ. ಮಾತು ಬೆಳೆಯುವುದು ಈ ಕೊಡು-ಕೊಳ್ಳುವಿಕೆಯಲ್ಲಿ. ಟಿ.ವಿ. ದಿನವಿಡೀ ಮಾತಾಡಿದರೂ ಮಗುವಿನ ಸರದಿಗೆ ಕಾಯುವುದಿಲ್ಲ. ಎರಡು ವರ್ಷ ತುಂಬುವವರೆಗೆ ಮೊಬೈಲ್, ಟಿ.ವಿ. ಬೇಡ. ಆಮೇಲೂ ದಿನಕ್ಕೆ ಒಂದು ಗಂಟೆ ಮೀರದಿರಲಿ. ದೂರದ ಊರಿನ ಅಜ್ಜಿ ತಾತನ ಜೊತೆ ವಿಡಿಯೊ ಕಾಲ್ ಆಗಬಹುದು. ಅಲ್ಲಿ ಎದುರಿಗಿರುವವರು ಉತ್ತರ ಕೊಡುತ್ತಾರೆ, ಅಲ್ವಾ?

ಸ್ನಾನ ಮಾಡಿಸುವಾಗ, ಅವರೆಕಾಯಿ ಬಿಡಿಸುವಾಗ ಮಾಡುವ ಕೆಲಸವನ್ನೇ ಮಾತಾಗಿಸಿ. ಮಗು ಬೆರಳು ತೋರಿಸಿದ್ದನ್ನು ಹೆಸರಿಸಿ, ಒಂದು ಮಾತು ಸೇರಿಸಿ: "ಹೂಂ, ಕಾಗೆ. ಕಪ್ಪು ಕಾಗೆ." ಮನೆಯಲ್ಲಿ ತುಳು, ಹೊರಗೆ ಕನ್ನಡ, ಅಥವಾ ಅಮ್ಮನದು ತೆಲುಗು, ಅಪ್ಪನದು ಉರ್ದು ಇದ್ದರೂ ಚಿಂತೆಯಿಲ್ಲ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಮಾತು ಬೇಗ ಬರಲೆಂದು ಹಸುಗೂಸಿಗೆ ಬಜೆ ತೇಯ್ದು ನೆಕ್ಕಿಸುವುದನ್ನು ಮಾತ್ರ ನಿಲ್ಲಿಸಿ. ಅದರಿಂದ ಮಾತು ಬರುವುದಿಲ್ಲ, ಆರು ತಿಂಗಳವರೆಗೆ ಎದೆಹಾಲಿನ ಹೊರತು ಏನೂ ಬೇಡ.

ಹೆಜ್ಜೆ 6: ಊಟ, ನಿದ್ದೆ

ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ಮೆತ್ತಗಿನ ಗಟ್ಟಿ ಆಹಾರ. ಚಮಚದಿಂದ ಸುರಿಯದೆ ನಿಲ್ಲುವಷ್ಟು ಗಟ್ಟಿ ರಾಗಿ ಸರಿ, ಕಿವುಚಿದ ಅನ್ನ ಬೇಳೆ, ಸೊಪ್ಪು, ತಿನ್ನುವವರ ಮನೆಯಲ್ಲಿ ಮೊಟ್ಟೆ, ಮೀನು. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಆಮೇಲೆ ಮೂರು ನಾಲ್ಕು ಸಲ. ವರ್ಷದೊಳಗೆ ಜೇನುತುಪ್ಪ ಬೇಡ. ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಕಬ್ಬಿಣಾಂಶದ ಸಿರಪ್ ಸರ್ಕಾರದಿಂದ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿ. ಕಬ್ಬಿಣಾಂಶ ಕಡಿಮೆಯಾದರೆ ಕಲಿಕೆಗೂ ಪೆಟ್ಟು. ನಿದ್ದೆ ನಾಲ್ಕರಿಂದ ಹನ್ನೊಂದು ತಿಂಗಳಿಗೆ ದಿನಕ್ಕೆ 12ರಿಂದ 16 ಗಂಟೆ, ಒಂದೆರಡು ವರ್ಷಕ್ಕೆ 11ರಿಂದ 14 ಗಂಟೆ.

ಹೆಜ್ಜೆ 7: ಇವಕ್ಕೆ ಕಾಯಬೇಡಿ

ಮೂರು ತಿಂಗಳಾದರೂ ನಿಮ್ಮ ಮುಖ ನೋಡಿ ನಗದಿದ್ದರೆ. ಐದು ತಿಂಗಳಿಗೂ ಕತ್ತು ನಿಲ್ಲದಿದ್ದರೆ. ಹತ್ತು ತಿಂಗಳಿಗೂ ಆಸರೆಯಿಲ್ಲದೆ ಕೂರದಿದ್ದರೆ. ವರ್ಷವಾದರೂ ಬಾಬಾ, ದಾದಾ ಎಂದು ತೊದಲದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ. ಹದಿನಾರು ತಿಂಗಳಿಗೆ ಒಂದೂ ಪದ ಇಲ್ಲದಿದ್ದರೆ, ಬೇಕಾದ್ದನ್ನು ಬೆರಳಿನಿಂದ ತೋರಿಸದಿದ್ದರೆ. ಹದಿನೆಂಟಕ್ಕೂ ನಡೆಯದಿದ್ದರೆ. ಎರಡು ವರ್ಷಕ್ಕೆ "ಅಮ್ಮ ಬಾ", "ಹಾಲು ಬೇಡ" ಎಂದು ಎರಡು ಪದ ಕೂಡಿಸದಿದ್ದರೆ. ಮಗು ಒಂದೇ ಕೈ, ಒಂದೇ ಕಾಲು ಬಳಸಿ ಇನ್ನೊಂದನ್ನು ಬಿಗಿಹಿಡಿದರೂ ತೋರಿಸಿ. ಎಲ್ಲಕ್ಕಿಂತ ಮುಖ್ಯ, ಬಂದಿದ್ದ ಮಾತೋ ನಗುವೋ ನಡಿಗೆಯೋ ಹೊರಟುಹೋದರೆ ಯಾವ ವಯಸ್ಸಿನಲ್ಲೇ ಆಗಲಿ ತಡ ಮಾಡಬೇಡಿ.

ಎಲ್ಲಿಗೆ ಹೋಗುವುದು? ಮೊದಲು ಹತ್ತಿರದ ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ. 1975ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ತಿ. ನರಸೀಪುರದಿಂದ ಶುರುವಾದ ಅಂಗನವಾಡಿಗಳು ಇಂದು ಊರೂರಲ್ಲಿವೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಲ್ಲಿಗೇ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಅವರು ಬರುವವರೆಗೆ ಕಾಯಬೇಕಿಲ್ಲ, ಜಿಲ್ಲಾ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಕಿವಿ, ಮಾತಿನ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ವರ್ತನೆ ಮತ್ತು ಬುದ್ಧಿ ಬೆಳವಣಿಗೆಯ ಪ್ರಶ್ನೆಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ. ಹೋಗಬೇಕಾ ಬೇಡವಾ ಎಂಬ ಗೊಂದಲವಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ಕೇಳಿ.

ಹೋಗುವಾಗ ತಾಯಿ ಕಾರ್ಡ್, ನೋಟ್‌ಬುಕ್ ಮರೆಯಬೇಡಿ. ಆಸ್ಪತ್ರೆಯಲ್ಲಿ ಎಷ್ಟೋ ಮಕ್ಕಳು ಬೆದರಿ ಸುಮ್ಮನಾಗುತ್ತವೆ. ಹಾಗಾಗಿ ಮನೆಯಲ್ಲಿ ಆಡುವಾಗ, ಕರೆದಾಗ ಏನು ಮಾಡುತ್ತದೆ ಎಂದು ಎರಡು ನಿಮಿಷ ವಿಡಿಯೊ ತೆಗೆದುಕೊಂಡು ಹೋಗಿ. ಮಾತಿನ ವಿಷಯಕ್ಕೆ ಹೋದರೆ ಮೊದಲು ಶ್ರವಣ ಪರೀಕ್ಷೆ ಕೇಳಿ. "ಇನ್ನೂ ಸ್ವಲ್ಪ ದಿನ ನೋಡೋಣ" ಎಂದು ವೈದ್ಯರು ಹೇಳಿದರೆ, ಎಲ್ಲಿಯವರೆಗೆ ನೋಡಬೇಕು, ಅಷ್ಟರಲ್ಲಿ ಏನು ಬರದಿದ್ದರೆ ಮತ್ತೆ ಬರಬೇಕು ಎಂದು ಕೇಳಿ, ತಾರೀಖು ಸಮೇತ ಅದೇ ನೋಟ್‌ಬುಕ್‌ನಲ್ಲಿ ಬರೆಸಿಕೊಳ್ಳಿ.